ಎಡಕ್ಕೆ ಮಾತ್ರ ತಿರುಗುವ ಓಟದಕ್ಕ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಎಲ್ಲರೂ ಅವಳನ್ನು ಓಟದಕ್ಕ ಎಂದೇ ಕರೆಯುತ್ತಿದ್ದರು. ನಲವತ್ತಾರು ವರ್ಷ. ಗಟ್ಟಿ ಮೈ, ಬಾಯಿ ಅದಕ್ಕಿಂತ ಗಟ್ಟಿ. ನಡೆಯುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಬಸ್ಸಿಗೆ ಓಡುವಳು, ಹಾಜರಿಗೆ ಓಡುವಳು, ಯಂತ್ರ ಕೆಮ್ಮಿದರೆ ಓಡುವಳು. "ಇವಳು ಹುಟ್ಟುವಾಗ ಸೂಲಗಿತ್ತಿ ಕೈ ತೊಳೆಯೋವರೆಗೂ ಕಾಯಲಿಲ್ಲವಂತೆ" ಎಂದು ಬೀಗದ ಕೈ ಮಾಡುವ ಅವಳ ಗಂಡ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಇಷ್ಟು ಓಡಿಯೂ ಅವಳು ಇದ್ದಲ್ಲೇ ಇದ್ದಳು. ಇಪ್ಪತ್ತೆರಡು ವರ್ಷದಲ್ಲಿ ರಕ್ತದ ಕಲೆ, ಔಷಧಿ ಕಲೆ, ಹೇಳಬಾರದ ಕಲೆ ಎಲ್ಲ ತೆಗೆದಿದ್ದಳು. ಯಾವ ಚಾದರಕ್ಕೆ ತಣ್ಣೀರು, ಯಾವುದಕ್ಕೆ ಬಿಸಿನೀರು ಎಂದು ಮೂಸಿಯೇ ಹೇಳಬಲ್ಲಳು. ಆದರೆ ಮೇಲ್ವಿಚಾರಕಿಯಾಗಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕು. ಇವಳದು ಏಳಕ್ಕೇ ನಿಂತಿತ್ತು. ಮುಂದಿನ ಶಾಲೆ ದೂರ, ಮನೆಯಲ್ಲಿ ಸೈಕಲ್ ಒಂದೇ, ಅದು ಅಣ್ಣನಿಗೆ. ಅಣ್ಣ ಸೈಕಲ್ ಮೇಲೆ ಠೀವಿಯಿಂದ ಹೋಗಿ ಎರಡು ಸಲ ಫೇಲಾಗಿ ಬಂದ. ಇವಳು ಒಲೆ ಊದುತ್ತ ಕೂತಳು. ಹಾಗಾಗಿ ಎರಡು ಮೂರು ವರ್ಷಕ್ಕೊಬ್ಬ ಹೊಸ ಮೇಲ್ವಿಚಾರಕ ಬರುವುದು, ಅವನಿಗೆ ಇವಳೇ ಕೆಲಸ ಕಲಿಸುವುದು, ಕಲಿತ ಮೇಲೆ ಅವನು ಇವಳಿಗೇ ಗದರುವುದು ನಡೆದುಕೊಂಡು ಬಂದಿತ್ತು. ಎಂಟನೆಯವನು ಬಂದು, "ಅಮ್ಮಾ, ಈ ಯಂತ್ರದ ಬಾಯಿ ಯಾವ ಕಡೆ?" ಎಂದು ಕೇಳಿದ ಸಂಜೆಯೇ ಅವಳು ಹೋಗಿ ಸಂಜೆಶಾಲೆಗೆ ಹೆಸರು ಬರೆಸಿದಳು.

ಉಳಿದ ವಿಷಯಗಳೆಲ್ಲ ಒಂದೇ ಏಟಿಗೆ ಪಾಸಾದವು. ಗಣಿತ ಮಾತ್ರ ಎರಡು ಸಲ ಅವಳನ್ನು ಕತ್ತು ಹಿಡಿದು ಆಚೆಗೆ ದಬ್ಬಿತು. ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಎಲ್ಲ ವಿಷಯಗಳನ್ನೂ ಮೊದಲಿಂದ ಬರೆಯಬೇಕು.

ಅಷ್ಟರಲ್ಲಿ ಅವಳು ಸೈಕಲ್ಲನ್ನೂ ಕಲಿತಿದ್ದಳು. ಹರಿದ ಚಾದರ ಹೊಲಿಯುವ ಹೊಲಿಗೆಯವಳು, "ಬೀಜಗಣಿತಕ್ಕೆ ಹೆದರದವಳು ಎರಡು ಚಕ್ರಕ್ಕೆ ಹೆದರ್ತೀಯೇನಕ್ಕಾ?" ಎಂದು ಕೆಣಕಿ, ಉಗ್ರಾಣದಲ್ಲಿ ತುಕ್ಕು ತಿನ್ನುತ್ತಿದ್ದ ಟಪಾಲಿನ ಹಳೇ ಸೈಕಲ್ಲನ್ನು ಎಳೆದು ತಂದಿದ್ದಳು. ಊಟದ ಬಿಡುವಿನಲ್ಲಿ, ಹಿತ್ತಲಲ್ಲಿ, ಒದ್ದೆ ಚಾದರ ಹರವಿದ ಹಗ್ಗಗಳ ಸುತ್ತ ಪಾಠ. ಅಲ್ಲಿ ಒಂದು ಕೈಗಾಡಿ ಹೋಗುವಷ್ಟೇ ಜಾಗ. ಗಾಡಿಗಳು ಎದುರುಬದುರಾದರೆ ಒಗೆದದ್ದೆಲ್ಲ ಮಣ್ಣುಪಾಲು ಎಂದು, ಯಾವುದೇ ಚಕ್ರ ಎಡಕ್ಕೇ ಸುತ್ತಬೇಕೆಂಬ ಕಟ್ಟಪ್ಪಣೆ ಇತ್ತು. ಸೈಕಲ್ಲೂ ಎಡಕ್ಕೇ ಸುತ್ತಿತು. ನೀರಿನ ತೊಟ್ಟಿಯ ಕಟ್ಟೆಯಿಂದ ಹತ್ತುವುದು, ಎಡಕ್ಕೆ ಸುತ್ತುವುದು, ಸುಸ್ತಾದಾಗ ಧುಮುಕುವುದು. ಮೂರು ತಿಂಗಳಲ್ಲಿ ಓಟದಕ್ಕ ಪಳಗಿದಳು. ಭೂಮಿಯ ಮೇಲೆ ಬಲ ಎಂಬುದೂ ಒಂದಿದೆ ಎಂದು ಕಲಿತವಳಿಗೂ ಹೊಳೆಯಲಿಲ್ಲ, ಕಲಿಸಿದವಳಿಗೂ ಹೊಳೆಯಲಿಲ್ಲ.

ಗಣಿತದ ಪರೀಕ್ಷೆಯ ದಿನವೇ ಬಸ್ ಚಾಲಕರು ಮುಷ್ಕರ ಹೂಡಿದರು. ಓಟದಕ್ಕ ಮುಷ್ಕರವನ್ನು ಶಪಿಸುವವಳಲ್ಲ. ತಾನೇ ಆಸ್ಪತ್ರೆಯ ಗೇಟಿಗೆ ಅಡ್ಡ ಕೂತು, ಕೂಗಿ ಗಂಟಲು ಹರಿದುಕೊಂಡು, ಎಲ್ಲರಿಗೂ ರಬ್ಬರ್ ಕೈಗವಸು ಕೊಡಿಸಿದವಳು. "ಅವರಿಗೂ ಹೊಟ್ಟೆ ಇದೆ, ಒಪ್ತೀನಿ. ಆದ್ರೆ ಇವತ್ತೇ ಹಸೀಬೇಕಿತ್ತಾ?" ಎಂದು ಬೆಳಗಿನ ಪಾಳಿಯ ಕೊನೆಯ ರಾಶಿಯನ್ನು ಯಂತ್ರಕ್ಕೆ ತುರುಕಿ, ಒಂಬತ್ತೂಕಾಲಿಗೆ ಕಟ್ಟೆ ಹತ್ತಿ ನಿಂತಳು. ಪರೀಕ್ಷಾ ಕೇಂದ್ರದ ಗೇಟು ಮುಚ್ಚುವುದು ಹತ್ತಕ್ಕೆ.

"ಅಕ್ಕಾ, ರಸ್ತೆ ಮೇಲೆ ಯಾವತ್ತಾದ್ರೂ ಹೊಡ್ದಿದ್ದೀಯಾ?" ಹೊಲಿಗೆಯವಳು ಸೈಕಲ್ಲನ್ನು ಹಿಂದಿನಿಂದ ಹಿಡಿದುಕೊಂಡೇ ಕೇಳಿದಳು.

"ಅದೂ ನೆಲವೇ ಅಲ್ವೇನೇ? ತಳ್ಳು!"

ಆಹಾ, ಆ ಮೊದಲ ಮೈಲಿ! ಕಾರುಗಳು ಸಾಲುಗಟ್ಟಿ ನಿಂತಿದ್ದವು, ಇವಳು ಹೋಗುತ್ತಿದ್ದಳು. ಗಾಳಿ ಕಿವಿಯಲ್ಲಿ ಶಿಳ್ಳೆ ಹೊಡೆಯಿತು. ಸೂತ್ರಗಳೆಲ್ಲ ತಾವಾಗಿ ನಾಲಿಗೆಗೆ ಬಂದವು. ದಾರಿಯುದ್ದಕ್ಕೂ ಅವನ್ನು ಗಟ್ಟಿಯಾಗಿ ಒದರುತ್ತ ಸಾಗಿದಳು. ಜನ ದಾರಿ ಬಿಟ್ಟರು.

ಆಮೇಲೆ ಚೌಕ ಬಂತು. ಪರೀಕ್ಷಾ ಕೇಂದ್ರ ಇದ್ದದ್ದು ಬಲಕ್ಕೆ.

"ಬಲಕ್ಕೆ ತಾನೇ? ಹೋಗಮ್ಮಾ, ಬಿಟ್ಟಿದೀನಿ!" ಎಂದ ಸಂಚಾರಿ ಪೇದೆ.

ಓಟದಕ್ಕನ ಮನಸ್ಸು ಬಲಕ್ಕೆ ಹೋಯಿತು, ಮೈ ಎಡಕ್ಕೆ ವಾಲಿತು. ಸೈಕಲ್ಲು ಮಾತು ಕೇಳದ ಎಮ್ಮೆಯ ಹಾಗೆ ಎಡಕ್ಕೇ ಹೊರಟಿತು. ಮುಂದೆಯೂ ಎಡ, ಮತ್ತೂ ಎಡ, ಇನ್ನೊಂದು ಎಡ. ಕಣ್ಣು ಬಿಟ್ಟರೆ ಅದೇ ಚೌಕ, ಅದೇ ಪೇದೆ.

"ಮತ್ತೆ ನೀನಾ?"

"ಬಲಕ್ಕೆ ಬರಲ್ಲ ಸಾರ್!"

"ಯಾಕೆ ಬರಲ್ಲ? ಬಲಕ್ಕೆ ಹುಲಿ ಕೂತಿದ್ಯಾ?"

"ಹುಲಿಯಾದ್ರೂ ವಾಸಿ! ತಿರುಗೋಕೇ ಬರಲ್ಲ ನನಗೆ, ಎಡಕ್ಕೆ ಮಾತ್ರ ಕಲ್ತಿರೋದು!" ಎನ್ನುತ್ತ ಅವಳು ಮತ್ತೆ ಎಡಕ್ಕೆ ಮರೆಯಾದಳು.

ಮೂರನೆಯ ಸುತ್ತಿಗೆ ಪೇದೆ ನಾಲ್ಕೂ ದಿಕ್ಕಿನ ವಾಹನ ನಿಲ್ಲಿಸಿ, ಎರಡೂ ಕೈ ಅಗಲಿಸಿ ನಡುರಸ್ತೆಯಲ್ಲಿ ನಿಂತಿದ್ದ. "ಇಳಿ ಮಾರಾಯ್ತೀ, ಇಳಿ! ನಿನ್ನ ಜೊತೆ ನನ್ನ ತಲೆಯೂ ಸುತ್ತುತಾ ಇದೆ! ತಳ್ಕೊಂಡು ಹೋಗು!"

ಧುಮುಕಿದಳು. ತಳ್ಳಿಕೊಂಡು ಬಲಕ್ಕೆ ದಾಟಿದಳು. ಈಗ ಹತ್ತಬೇಕು. ಹತ್ತಲು ಕಟ್ಟೆ ಎಲ್ಲಿದೆ? ಸುತ್ತ ನೋಡಿದರೆ ಚಪ್ಪಟೆ ರಸ್ತೆ. ಹತ್ತು ಗಂಟೆಗೆ ಇನ್ನು ಹದಿನೇಳು ನಿಮಿಷ, ದೂರ ಎರಡು ಕಿಲೋಮೀಟರ್. ಸೆರಗು ಸಿಕ್ಕಿಸಿ, ಹ್ಯಾಂಡಲ್ ಹಿಡಿದು, ಓಟ ಕಿತ್ತಳು. ಓಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಅಕ್ಕಾ, ಅದರ ಮೇಲೆ ಕೂತ್ಕೊಳ್ಳೋದಲ್ವಾ?" ಹಣ್ಣಿನ ಅಂಗಡಿಯವನು ಕೂಗಿದ.

"ಕೂರೋಕೆ ಪುರುಸೊತ್ತಿಲ್ಲ ಕಣಪ್ಪಾ!"

ದುಬಾರಿ ಬೂಟು ಹಾಕಿ, ಕೈಗೆ ಗಡಿಯಾರ ಕಟ್ಟಿ, ಮೈ ಇಳಿಸಲು ಓಡುತ್ತಿದ್ದವನೊಬ್ಬನನ್ನು ಸೈಕಲ್ ಸಮೇತ ಹಿಂದೆ ಹಾಕಿದಳು. ಅವನಿಗೆ ರೋಷ ಬಂತು. ಪಕ್ಕಕ್ಕೆ ಬಂದು ಏದುತ್ತ ಕೇಳಿದ, "ಆಂಟೀ, ಯಾವ ರೇಸು?"

"ಹತ್ತನೇ ಕ್ಲಾಸು!"

ಅವನು ನಗುತ್ತ ಅಲ್ಲೇ ಕುಕ್ಕರಿಸಿದ. ಇವಳಿಗೂ ನಗು ಉಕ್ಕಿ ಪಕ್ಕೆ ಹಿಡಿಯಿತು. ನಗುತ್ತಲೇ ಓಡಿದಳು.

ಕಾವಲುಗಾರ ಗೇಟಿನ ಒಂದು ಬಾಗಿಲು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. "ಸೈಕಲ್ ಒಳಗೆ ಬಿಡಲ್ಲಮ್ಮಾ."

"ಬಿಡಬೇಡಪ್ಪಾ, ಹಿಡ್ಕೋ!" ಎಂದು ಸೈಕಲ್ಲನ್ನು ಅವನ ಎದೆಗೆ ಒರಗಿಸಿ ನುಗ್ಗಿದಳು.

ಪ್ರಶ್ನೆಪತ್ರಿಕೆ ಕೈಗೆ ಬಂತು. ಬೆವರು ಹನಿಯುವ ಮೂಗಿನ ಕೆಳಗೇ ಒಂದು ಪ್ರಶ್ನೆ ಕೂತಿತ್ತು. ಸೈಕಲ್ ಚಕ್ರದ ತ್ರಿಜ್ಯ ಮೂವತ್ತೈದು ಸೆಂಟಿಮೀಟರ್, ಹನ್ನೊಂದು ಕಿಲೋಮೀಟರ್ ಹೋದರೆ ಚಕ್ರ ಎಷ್ಟು ಸುತ್ತು ಸುತ್ತುತ್ತದೆ? ಸವಾರಳು ಮೇಲಿದ್ದಳೋ ಪಕ್ಕದಲ್ಲಿ ಓಡುತ್ತಿದ್ದಳೋ ಎಂದು ಕೇಳಿರಲಿಲ್ಲ, ಪುಣ್ಯಕ್ಕೆ. ಓಟದಕ್ಕ ಕಿಸಕ್ಕನೆ ನಕ್ಕಳು.

"ಏನಮ್ಮಾ ಅದು?" ಕೊಠಡಿ ಕಾಯುತ್ತಿದ್ದ ಮೇಡಂ ಕಣ್ಣು ಬಿಟ್ಟರು.

"ಏನಿಲ್ಲ ಮೇಡಂ, ಪರಿಚಯದವರು ಸಿಕ್ಕಿದ್ರು."

ಐದು ಸಾವಿರ ಸುತ್ತು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು.

ನಲವತ್ತೊಂದು ಅಂಕ ಬಂತು. ಪಾಸು! ಆ ವಾರವೇ ಬಟ್ಟೆಕೋಣೆಯ ಏಳು ಹೆಂಗಸರು ಸಂಜೆಶಾಲೆ ಸೇರಿದರು. ಎಂಟನೆಯ ಮೇಲ್ವಿಚಾರಕ ಅಷ್ಟರಲ್ಲಿ ವರ್ಗವಾಗಿ ಹೋಗಿ ಅವನ ಕುರ್ಚಿ ಖಾಲಿಯಿತ್ತು. ಓಟದಕ್ಕ ಅಂಕಪಟ್ಟಿ ಹಿಡಿದು ಆಡಳಿತಾಧಿಕಾರಿಯ ಮೇಜಿನ ಮುಂದೆ ನಿಂತಾಗ ಆ ಏಳೂ ಜನ ಯಂತ್ರ ನಿಲ್ಲಿಸಿ ಅವಳ ಬೆನ್ನಿಗೆ ಬಂದು ನಿಂತರು.

"ನೋಡೋಣಮ್ಮಾ" ಎಂದರು ಸಾಹೇಬರು.

"ಈಗ್ಲೇ ನೋಡಿ ಸಾರ್. ನಮಗೇನೂ ಅವಸರ ಇಲ್ಲ, ಇಲ್ಲೇ ಇರ್ತೀವಿ. ಚಾದರ ಇಲ್ಲದೆ ರೋಗಿಗಳು ಎಷ್ಟು ಹೊತ್ತು ಇರ್ತಾರೋ ನೀವೇ ಲೆಕ್ಕ ಹಾಕಿ."

ಸಾಹೇಬರು ಲೆಕ್ಕ ಹಾಕಿದರು. ನೇಮಕದ ಕಾಗದ ಎಳೆದುಕೊಂಡು ಜೇಬು ಮುಟ್ಟಿಕೊಂಡರು, ಮೇಜಿನ ಖಾನೆ ತಡಕಿದರು, ಕಡತಗಳ ಅಡಿ ನೋಡಿದರು. "ಥೂ, ಪೆನ್ನು ಎಲ್ಲಿ ಹೋಯ್ತು?"

ಸೋಪಿನ ನೀರಿಗೆ ಸುಕ್ಕುಗಟ್ಟಿದ ಏಳು ಕೈಗಳು ಏಳು ಪೆನ್ನು ಹಿಡಿದು ಒಟ್ಟಿಗೆ ಮುಂದೆ ಬಂದವು.