ಅಮ್ಮನ ಕೈಯಲ್ಲಿ ಹಗ್ಗ

ನಮ್ಮಪ್ಪ ಲಿಫ್ಟ್ ರಿಪೇರಿಯವನು. ಊರಿನ ಅರ್ಧ ಜನ ದಿನಾ ಅವನ ಕೆಲಸವನ್ನು ನಂಬಿ ಮೇಲೆ ಹೋಗಿ ಕೆಳಗೆ ಬರುತ್ತಾರೆ. ನಂಬದಿರುವವಳು ಒಬ್ಬಳೇ, ನಮ್ಮಮ್ಮ. ಮದುವೆಗೆ ಮುಂಚೆ ಯಾವುದೋ ಆಫೀಸಿನ ಲಿಫ್ಟಿನಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡು, ಬಾಗಿಲು ಬಡಿದೂ ಬಡಿದೂ ಕೈ ಊದಿಸಿಕೊಂಡಿದ್ದಳು. ಹೊರಗಿನಿಂದ ಒಬ್ಬರೂ ಓಗೊಡಲಿಲ್ಲವಂತೆ. ಆಮೇಲೆ ಲಿಫ್ಟ್ ಹತ್ತಿದವಳಲ್ಲ.

ನಮ್ಮದೋ ಐದನೇ ಮಹಡಿ, ತೊಂಬತ್ತಾರು ಮೆಟ್ಟಿಲು. ಇಪ್ಪತ್ತೆರಡು ವರ್ಷ ಹಾಲು, ತರಕಾರಿ, ಹೊಟ್ಟೆಯೊಳಗಿನ ನನ್ನನ್ನು, ಎಲ್ಲವನ್ನೂ ಮೆಟ್ಟಿಲ ಮೇಲೇ ಹೊತ್ತಳು. ಈಗ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತಲೇಬಾರದು ಎಂದರು ಡಾಕ್ಟರು. "ಸರಿ, ಮನೇಲೇ ಇರ್ತೀನಿ ಬಿಡಿ" ಎಂದಳು ಅಮ್ಮ. ಹೇಳಿದ ಹಾಗೇ ಆರು ವಾರ ಕಿಟಕಿಯ ಪಕ್ಕ ಕೂತಳು. ನನಗೆ ಅವಳನ್ನು ಹಾಗೆ ನೋಡಲು ಆಗುತ್ತಿರಲಿಲ್ಲ.

ಒಂದು ಶುಕ್ರವಾರ ಅಪ್ಪ ಗ್ರೀಸ್ ಮೆತ್ತಿದ ಕೈ ತೊಳೆಯುವುದಕ್ಕೂ ಮುಂಚೆ ಘೋಷಿಸಿದ: "ನಾಳೆ ದೋಣಿಮನೆ! ಎರಡು ದಿನಕ್ಕೆ ಬಾಡಿಗೆಗೆ ತಗೊಂಡಿದ್ದೀನಿ. ಒಂದೇ ಒಂದು ಮಹಡಿ!"

ಅಮ್ಮ ಬೈದಳು. ಬೈಯುತ್ತಲೇ ಬಟ್ಟೆ ತುಂಬಿದಳು. ಬೆಳಿಗ್ಗೆ ಪ್ರತಿ ಮಹಡಿಯಲ್ಲೂ ಕೂತು ಸುಧಾರಿಸಿಕೊಂಡು, ಮುಕ್ಕಾಲು ಗಂಟೆಯಲ್ಲಿ ತೊಂಬತ್ತಾರು ಮೆಟ್ಟಿಲು ಇಳಿದಳು. ವಾಪಸ್ ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ.

ದೋಣಿ ನೋಡಿದರೆ ನಮ್ಮ ಅಡುಗೆಮನೆಯೇ ತೇಲಲು ಕಲಿತಂತಿತ್ತು. ಎರಡು ಮಂಚ, ಒಂದು ಒಲೆ, ಹಿಂದುಗಡೆ ಸ್ಟೀರಿಂಗ್ ಚಕ್ರ. ಬಾಡಿಗೆಗೆ ಕೊಡುವ ಹೆಂಗಸು ಅರ್ಧ ಗಂಟೆ ಪಾಠ ಹೇಳಿದಳು. ಅಪ್ಪ ಎಲ್ಲಾ ಗೊತ್ತಿರುವವನ ಹಾಗೆ ತಲೆಯಾಡಿಸಿದ. ಹೊರಟೆವು ನೋಡಿ! ನೀರು ಹೊಳೆಯುತ್ತಿತ್ತು, ದಡದ ಮರಗಳು ಹಿಂದೆ ಸರಿಯುತ್ತಿದ್ದವು, ಎದುರು ಬಂದ ಪ್ರತಿ ದೋಣಿಗೂ ಅಮ್ಮ ಕೈ ಬೀಸುತ್ತಿದ್ದಳು. ಕಂಡವರಿಗೆಲ್ಲ ಕೈ ಬೀಸಬೇಡ ಎಂದು ನನಗೆ ಹೇಳಿಕೊಟ್ಟವಳು ಇವಳೇ.

ಮಧ್ಯಾಹ್ನದ ಹೊತ್ತಿಗೆ ನದಿಗೆ ಅಡ್ಡಲಾಗಿ ಒಂದು ಒಡ್ಡು ಬಂತು. ಅದರಾಚೆ ನೀರು ಎರಡಾಳು ಕೆಳಗೆ. ದೋಣಿಗಳು ಇಳಿಯಲು ಪಕ್ಕದಲ್ಲೇ ಕಲ್ಲಿನ ತೊಟ್ಟಿ, ಹಿಂದೊಂದು ಮುಂದೊಂದು ಗೇಟು. ಒಳಗೆ ಹೋದರೆ ಹಿಂದಿನ ಗೇಟು ಮುಚ್ಚಿ ತೊಟ್ಟಿಯ ನೀರು ಹೊರಗೆ ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಇಳಿಯುತ್ತದೆ.

"ಅಯ್ಯೋ, ಇದು ಲಿಫ್ಟು ಕಣೇ!" ಎಂದು ಅಪ್ಪ ಕುಣಿದಾಡಿಬಿಟ್ಟ. ಅಮ್ಮನ ಮುಖ ಬಿಳಿಚಿಕೊಂಡಿತು.

ನಾವು ತೊಟ್ಟಿಯೊಳಗೆ ಸೇರುತ್ತಿದ್ದಂತೆ ಮೇಲಿನಿಂದ ಗೇಟಿನವನು ಕೂಗಿದ: "ದೋಣಿ ಹಗ್ಗಾನ ಗೋಡೆ ಮೇಲಿನ ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡ್ಕೊಳ್ಳಿ. ಕಟ್ಟಬೇಡಿ!"

ಆದರೆ ಲಿಫ್ಟಿಗೆ ಕೈ ಹಾಕುವ ಮುಂಚೆ ಅದು ಅಲ್ಲಾಡದಂತೆ ಬಿಗಿಯಬೇಕು ಎನ್ನುವುದು ಅಪ್ಪನ ಮೂವತ್ತು ವರ್ಷದ ಪಾಠ. ಕೈ ತಾನಾಗಿಯೇ ಹಗ್ಗ ಬಿಗಿಯಿತು, ಅದೂ ಮೂರು ಗಂಟು. ನೀರು ಇಳಿಯಿತು, ದೋಣಿಯ ಒಂದು ಪಕ್ಕ ಇಳಿಯಲಿಲ್ಲ, ಹಗ್ಗಕ್ಕೆ ಜೋತುಬಿತ್ತು. ನೆಲ ಓರೆಯಾಯಿತು. ಪಾತ್ರೆಗಳು ಜಾರಿ ಬಿದ್ದವು, ನಾನು ಮಂಚವನ್ನು ತಬ್ಬಿಕೊಂಡೆ.

"ನಿಲ್ಸಿ! ನೀರು ನಿಲ್ಸಿ! ತಪ್ಪು ನಂದು, ಕಟ್ಟಿಬಿಟ್ಟಿದ್ದೀನಿ!" ಅಪ್ಪ ಗಂಟಲು ಹರಿಯುವಂತೆ ಕೂಗಿದ. ಒಂದು ಕೈಯಲ್ಲಿ ಅಮ್ಮನನ್ನು ಗಟ್ಟಿಯಾಗಿ ಹಿಡಿದಿದ್ದ. "ಹೆದರಬೇಡ. ಅವನಿಗೆ ಕೇಳಿಸ್ತು. ನೋಡು, ನಿಲ್ಸಿದ. ಈಗ ಮತ್ತೆ ನೀರು ತುಂಬಿಸ್ತಾನೆ, ಹಗ್ಗ ಸಡಿಲ ಆಗುತ್ತೆ."

ಹಾಗೇ ಆಯಿತು. ದೋಣಿ ನೆಟ್ಟಗಾಯಿತು. ಅಪ್ಪ ಗಂಟು ಬಿಚ್ಚಿ, ಪೆಚ್ಚುಮೋರೆ ಹಾಕಿಕೊಂಡು ನಿಂತ. ಅಮ್ಮ ಅವನನ್ನೇ ನೋಡುತ್ತಿದ್ದಳು. ಸಂಸಾರ ಶುರುವಾದಾಗಿನಿಂದ ಆ ಬಾಯಲ್ಲಿ 'ತಪ್ಪು ನಂದು' ಎನ್ನುವುದನ್ನು ಅವಳು ಕೇಳಿದ್ದು ಅದೇ ಮೊದಲು.

"ಕೊಡಿ ಇಲ್ಲಿ" ಎಂದು ಹಗ್ಗ ಕಿತ್ತುಕೊಂಡಳು.

ಗೂಟಕ್ಕೆ ಒಂದೇ ಸುತ್ತು. ನೀರು ಇಳಿದಷ್ಟು ಹಗ್ಗ ಬಿಟ್ಟಳು, ಗೇಣು ಗೇಣಾಗಿ. ಕಲ್ಲಿನ ಗೋಡೆ ನಮ್ಮ ಸುತ್ತ ಎತ್ತರವಾಗುತ್ತಾ ಹೋಯಿತು. ಮುಂದಿನ ಗೇಟು ತೆರೆದಾಗ ಅಮ್ಮ ಚಿಕ್ಕ ಹುಡುಗಿಯ ಹಾಗೆ ಕಿರುಚಿದಳು. ಖುಷಿಗೆ ನಾನೂ ಕಿರುಚಿದೆ. ಮಾರನೇ ದಿನ ವಾಪಸ್ ಬರುವಾಗ ಮೇಲೇರುವ ಸರದಿ. ಆಗಲೂ ಹಗ್ಗವನ್ನು ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.

ಭಾನುವಾರ ಸಂಜೆ ಮನೆಯ ಕೆಳಗೆ ಬಂದು ನಿಂತೆವು. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಲಿಫ್ಟು. ಅಮ್ಮ ಮೊಣಕಾಲು ಸವರಿಕೊಂಡಳು.

"ರೀ, ಇದು ಸಿಕ್ಕಿಹಾಕ್ಕೊಂಡ್ರೆ?"

ಇಷ್ಟು ವರ್ಷವೂ ಇದಕ್ಕೆ ಅಪ್ಪನದು ಒಂದೇ ಉತ್ತರ: ನಾನು ನೋಡಿಕೊಳ್ಳುವ ಲಿಫ್ಟು ಸಿಕ್ಕಿಹಾಕಿಕೊಳ್ಳುವುದೇ ಇಲ್ಲ. ಈ ಸಲ ಉತ್ತರ ಬೇರೆಯಾಗಿತ್ತು.

"ಸಿಕ್ಕಿಹಾಕ್ಕೊಂಡ್ರೆ ಕೂಗ್ತೀನಿ. ಯಾರಾದ್ರೂ ಓಗೊಡೋವರೆಗೂ ಕೂಗ್ತಾನೇ ಇರ್ತೀನಿ."

ಅಮ್ಮ ಒಳಗೆ ಕಾಲಿಟ್ಟಳು. ಕಣ್ಣು ಮುಚ್ಚಿ ಅವನ ತೋಳು ಹಿಡಿದಳು. ಅಪ್ಪ ಒಂದೊಂದು ಮಹಡಿಯನ್ನೂ ಗಟ್ಟಿಯಾಗಿ ಎಣಿಸಿದ. ಐದರಲ್ಲಿ ಬಾಗಿಲು ತೆರೆಯಿತು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ. ಅಮ್ಮ ಬರಲಿಲ್ಲ.

"ಹತ್ತಿದ್ದಾಯ್ತು. ನೀವು ಎಡವಟ್ಟು ಮಾಡಿದ್ದು ಇಳಿಯೋವಾಗ ಅಲ್ವಾ? ಅದನ್ನೂ ನೋಡೇಬಿಡೋಣ" ಎನ್ನುತ್ತಾ ತಾನೇ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು. ಒಳಗಿಂದ ಅಪ್ಪನ ಎಣಿಕೆ ಕೇಳಿಸುತ್ತಿತ್ತು, ನಾಲ್ಕು, ಮೂರು. ಎರಡರ ಹೊತ್ತಿಗೆ ಅಮ್ಮನ ದನಿಯೂ ಸೇರಿತ್ತು.