ಅಕ್ಕ ತಂಡಕ್ಕೆ ವಾಪಸ್ ಬಂದ ವರ್ಷ

ಹರಪನಹಳ್ಳಿಯ ಕಾಲೇಜಿನಲ್ಲಿ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ಅಕ್ಕ ವಾಪಸ್ ಬಂದಳು. ಒಡಹುಟ್ಟಿದ ಅಕ್ಕನಲ್ಲ. ಒಂದು ವರ್ಷ ಮುಂದಿದ್ದವಳು, ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ನಮ್ಮ ಕಾಲೇಜಿನಿಂದ ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದವಳು ಅವಳೊಬ್ಬಳೇ. ಹಿಂದಿನ ವರ್ಷ ಒಂದು ಪಂದ್ಯದಲ್ಲಿ ಜಿಗಿದು ಇಳಿಯುವಾಗ ಮೊಣಕಾಲು ತಿರುಚಿ ಬಿದ್ದು, ದಾವಣಗೆರೆಯಲ್ಲಿ ಆಪರೇಷನ್ ಆಗಿ, ಹತ್ತು ತಿಂಗಳು ಆಟದಿಂದ ದೂರ ಉಳಿದಿದ್ದಳು.

ಆ ಹತ್ತು ತಿಂಗಳು ಅವಳ ಜಾಗದಲ್ಲಿ ಆಡಿದವಳು ನಾನು. ತೆಲಿಗಿಯಿಂದ ಮೊದಲ ಬಸ್ಸಿಗೆ ಬಂದು, ಕ್ಲಾಸು ಶುರುವಾಗುವ ತನಕ ಕಾಲೇಜಿನ ಹಿಂದಿನ ಸಿಮೆಂಟ್ ಕೋರ್ಟಿನಲ್ಲಿ ಆಡುತ್ತಿದ್ದೆ. ಮೊದಮೊದಲು ಬರೀ ಸೋಲು. ಅಕ್ಕ ಇದ್ದಾಗ ಚೆಂಡು ಅವಳ ಕೈಗೆ ಕೊಟ್ಟರೆ ನಮ್ಮ ಕೆಲಸ ಮುಗಿಯುತ್ತಿತ್ತು. ಅವಳಿಲ್ಲದಾಗ ಐದೂ ಜನ ಓಡಬೇಕಾಯಿತು, ಒಬ್ಬರಿಗೊಬ್ಬರು ಕೂಗಿ ಹೇಳಬೇಕಾಯಿತು. "ಎಡಕ್ಕ ಅದೀನಿ, ಕೊಡು", "ಹಿಂದ ಬಂದ್ಲು ನೋಡು" ಎಂದು ಒದರಿ ಒದರಿ, ವರ್ಷದ ಕೊನೆಗೆ ಗೆಲ್ಲತೊಡಗಿದ್ದೆವು.

ಅಕ್ಕ ಮೊಣಕಾಲಿಗೆ ನೀ ಕ್ಯಾಪ್ ಪಟ್ಟಿ ಹಾಕಿಕೊಂಡು ಕೋರ್ಟಿಗೆ ಬಂದ ದಿನ ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆಮೇಲೆ ದೈಹಿಕ ಶಿಕ್ಷಣದ ಸರ್ ನನ್ನನ್ನು ಕರೆದು, "ಏಳನೇ ನಂಬರ್ ಜರ್ಸಿ ನಾಳೆ ತಂದುಕೊಡವ್ವ" ಅಂದರು. ಕಾಲೇಜಿನಲ್ಲಿ ಇದ್ದದ್ದು ಒಂದೇ ಸೆಟ್ಟು; ಅಕ್ಕನ ಏಳನೇ ನಂಬರು ಅಷ್ಟು ದಿನ ನನ್ನ ಹತ್ತಿರ ಇತ್ತು. ಮನೆಯಲ್ಲಿ ಜರ್ಸಿ ವಾಪಸ್ ಕೊಡಬೇಕೆಂದು ಹೇಳಿ, ಒಗೆದು ಹಗ್ಗಕ್ಕೆ ಹಾಕುವಾಗ ಅವ್ವ ಕೇಳಿದಳು: "ಯಾಕವ್ವ, ತಂಡದಿಂದ ನಿನ್ನ ತೆಗದ್ರೇನು?"

"ಇಲ್ಲವ್ವ, ನಂಬರ್ ಅಷ್ಟ ಬದಲಾತು."

ನನಗೆ ಸಿಕ್ಕ ಹನ್ನೆರಡನೇ ನಂಬರು ತೊಡೆಯ ತನಕ ಜೋಲುತ್ತಿತ್ತು.

ನಂಬರಿನ ಜೊತೆ ಜಾಗವೂ ಬದಲಾಗಿತ್ತು. ನಾನು ಪಕ್ಕಕ್ಕೆ ಸರಿದೆ, ಅಲ್ಲಿ ಆಡುತ್ತಿದ್ದ ನೀಲಗುಂದದ ಹುಡುಗಿ ಹೊರಗೆ ಕೂತಳು. ಎರಡು ವಾರ ಕೂತು, ಕಂಪ್ಯೂಟರ್ ಕ್ಲಾಸ್ ಐತಿ ಎಂದು ಬರುವುದನ್ನೇ ಬಿಟ್ಟಳು. ಅಂಥ ಕ್ಲಾಸು ಯಾವುದೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕೇಳಲಿಲ್ಲ. ಕೋರ್ಟಿನಲ್ಲಿ ಚೆಂಡು ಯಾರ ಕೈಗೆ ಬಂದರೂ ಎಲ್ಲರೂ ಅಕ್ಕನ ಕಡೆ ತಿರುಗುತ್ತಿದ್ದರು. ಕೂಗುವುದು ನಿಂತೇಹೋಯಿತು.

ಹಗರಿಬೊಮ್ಮನಹಳ್ಳಿಯಲ್ಲಿ ಕಾಲೇಜುಗಳ ನಡುವೆ ಪಂದ್ಯವಿತ್ತು. ಅವತ್ತು ಅಕ್ಕ ರಿಂಗಿನ ಕೆಳಗೆ ಒಬ್ಬಳೇ ಇದ್ದುದನ್ನು ಎರಡು ಸಲ ನೋಡಿದೆ. ಎರಡು ಸಲವೂ ಪಾಸ್ ಕೊಡಲಿಲ್ಲ. ಒಮ್ಮೆ ನಾನೇ ಎಸೆದೆ, ಚೆಂಡು ರಿಂಗಿನೊಳಗೆ ಬೀಳಲಿಲ್ಲ. ಇನ್ನೊಮ್ಮೆ ಬೇರೆಯವಳಿಗೆ ಕೊಟ್ಟೆ, ಎದುರಿನವರು ಕಸಿದುಕೊಂಡರು. ನಾಲ್ಕು ಪಾಯಿಂಟಿನಲ್ಲಿ ಸೋತೆವು.

ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಬಂದು ಕೂತಳು. ಕೊಟ್ಟೂರಿನಲ್ಲಿ ಬಸ್ಸು ನಿಂತಿತು. ಅಲ್ಲಿ ಉಳಿದವರು ಮಂಡಕ್ಕಿ ಮಿರ್ಚಿಗೆಂದು ಇಳಿದ ಮೇಲೆ ಅಂದಳು:

"ಎರಡು ಸಲ ನನ್ನ ನೋಡಿದಿ. ಕೊಡ್ಲಿಲ್ಲ."

ಕಾಣಲಿಲ್ಲ ಅನ್ನಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ. "ಹೌದಕ್ಕ, ನೋಡಿದ್ದೆ."

"ಮತ್ತ ಯಾಕ?"

"ನಿನಗ ಕೊಟ್ರ ನಾವು ನಾಲ್ಕೂ ಮಂದಿ ಸುಮ್ನ ನಿಂದ್ರಬೇಕಾಕ್ಕತಿ."

ಬೈಯುತ್ತಾಳೆ ಅಂದುಕೊಂಡೆ. ಅವಳು ಬಗ್ಗಿ ನೀ ಕ್ಯಾಪ್ ಕೆಳಗಿಳಿಸಿದಳು. ಮೊಣಕಾಲು ಬಾತುಕೊಂಡಿತ್ತು.

"ಡಾಕ್ಟರು ಆಡಬಹುದು ಅಂದಾರ, ಖರೇ. ಆದ್ರ ಈ ಕಾಲ ಮ್ಯಾಲೆ ಜಿಗಿಯಾಕ ಹೆದರಿಕಿ. ಓಡಿ ವಾಪಸ್ ಬರಾಕ ಆಗವಲ್ದು. ಅದಕ್ಕ ರಿಂಗ್ ಹತ್ರಾನ ನಿಂತು ಚೆಂಡು ಕೊಡ್ರಿ ಅಂತೀನಿ. ಅಲ್ಲಿದ್ರ ಯಾರಿಗೂ ಗೊತ್ತಾಗಲ್ಲ."

ಇಷ್ಟು ದಿನ ಜೊತೆಗೆ ಆಡಿಯೂ ನನಗೆ ಅದು ಗೊತ್ತಾಗಿರಲಿಲ್ಲ. ನಾಚಿಕೆಯಾಯಿತು.

"ಸರ್‌ಗೆ ಹೇಳಬೇಕಲ್ಲಕ್ಕ."

"ನೀನೂ ಬಾ. ನನಗೊಬ್ಬಾಕಿಗೇ ಹೇಳಾಕ ಆಗಲ್ಲ."

ಮಾರನೇ ದಿನ ಇಬ್ಬರೂ ಹೋದೆವು. ಸರ್ ಮೊದಲು ಮುಚ್ಚಿಟ್ಟದ್ದಕ್ಕೆ ಅವಳನ್ನು ಬೈದರು, ಆಮೇಲೆ ಪಾಸ್ ಕೊಡದ್ದಕ್ಕೆ ನನ್ನನ್ನು. ಬಾವು ಇಳಿಯುವ ತನಕ ಅವಳನ್ನು ಕೂರಿಸಿ, ದಾವಣಗೆರೆಗೆ ಮತ್ತೊಮ್ಮೆ ತೋರಿಸಿಕೊಂಡು ಬರಲು ಕಳಿಸಿದರು. ಡಾಕ್ಟರು ಅರ್ಧ ಆಟಕ್ಕೆ ಒಪ್ಪಿದರು. ಮೊದಲರ್ಧ ಅಕ್ಕ ಹೊರಗೆ, ಎರಡನೇ ಅರ್ಧ ಒಳಗೆ ಎಂದಾಯಿತು. ಹೊರಗಿದ್ದಾಗ ಅವಳು ಸರ್‌ಗಿಂತ ಹೆಚ್ಚು ಒದರುತ್ತಿದ್ದಳು.

ಮೊದಲರ್ಧಕ್ಕೆ ಒಬ್ಬಳು ಬೇಕಾಗಿತ್ತು. ನೀಲಗುಂದದ ಹುಡುಗಿಯನ್ನು ಕರೆಯಲು ಲೈಬ್ರರಿಗೆ ಹೋದೆ. "ಜಾಗ ಖಾಲಿ ಐತಿ, ಬಾರಲೇ" ಅಂದೆ.

"ಖಾಲಿ ಆದ ಮ್ಯಾಲೆ ಕರಿಯಾಕ ಬಂದಿ," ಅಂದಳು, ಪುಸ್ತಕದಿಂದ ತಲೆ ಎತ್ತದೆ. "ನಾ ಬಿಟ್ಟಾಗ ಒಬ್ರಾದ್ರೂ ಯಾಕಂತ ಕೇಳಿದ್ರೇನು?"

ಅವಳು ಬರಲಿಲ್ಲ. ಮೊದಲ ವರ್ಷದವಳೊಬ್ಬಳನ್ನು ಸೇರಿಸಿಕೊಂಡೆವು.

ಹಡಗಲಿಯ ಪಂದ್ಯಾವಳಿಯಲ್ಲಿ ಎರಡು ಆಟ ಗೆದ್ದೆವು. ಮೂರನೆಯದರಲ್ಲಿ, ಇನ್ನೂ ಐದು ನಿಮಿಷ ಇದ್ದಾಗ, ಅಕ್ಕ ಮೊಣಕಾಲು ಮುಟ್ಟಿ ನೋಡಿಕೊಂಡು, ತಾನೇ ಕೈ ಎತ್ತಿ ಹೊರಗೆ ಬಂದು ಮೊದಲ ವರ್ಷದವಳನ್ನು ಒಳಗೆ ಕಳಿಸಿದಳು. ಎರಡು ಪಾಯಿಂಟಿನಲ್ಲಿ ಸೋತೆವು. ಅಕ್ಕ ಇದ್ದಿದ್ದರೆ ಗೆಲ್ಲುತ್ತಿದ್ದೆವೇನೋ. ಅವತ್ತು ಯಾರೂ ಹಾಗನ್ನಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವಳು ಆಟ ಬಿಟ್ಟಳು. ಈಗ ಕೂಡ್ಲಿಗಿ ಕಡೆ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಎಲ್ಲರಿಗಿಂತ ಚೆನ್ನಾಗಿ ಆಡುವವಳನ್ನು ಆಗಾಗ ಒಂದು ಪಂದ್ಯ ಹೊರಗೆ ಕೂರಿಸುತ್ತಾಳಂತೆ. ಅಪ್ಪ ಅವ್ವಂದಿರು ಜಗಳಕ್ಕೆ ಬರುತ್ತಾರೆ ಎಂದು ಫೋನಿನಲ್ಲಿ ಹೇಳಿ ನಗುತ್ತಾಳೆ.