ನಮ್ಮ ಭಾವನ ಹನ್ನೊಂದು ಹೆಡ್‌ಲ್ಯಾಂಪು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ತು ವರ್ಷದಿಂದ ನಲ್ಲಿ ತಯಾರಿಸುವ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದಾರೆ. ಬೇಡ ಅನ್ನುವುದೇ ಅವರ ಕೆಲಸ. ಅದಕ್ಕಾಗಿ ಒಂದು ಕೆಂಪು ಪೆನ್ನು, ಒಂದು ಕೆಂಪು ಕ್ರೇಟು ಕೊಟ್ಟಿದ್ದಾರೆ. ಗೀಟು ಬಿದ್ದ ನಲ್ಲಿ ಕ್ರೇಟಿಗೆ ಹೋಗುತ್ತದೆ. ಕಾರ್ಖಾನೆಯವರೆಲ್ಲ ಅವರನ್ನು ‘ರಿಜೆಕ್ಟ್ ಸಾಹೇಬರು’ ಎಂದು ಕರೆಯುತ್ತಾರೆ. ಅದನ್ನು ಅವರು ಬಿರುದು ಎಂದುಕೊಂಡಿದ್ದಾರೆ, ನಾವ್ಯಾರೂ ತಿದ್ದಲು ಹೋಗಿಲ್ಲ. ಮನೆಯಲ್ಲೂ ಅಂಥದೇ ಕ್ರೇಟು ಮಂಚದ ಕೆಳಗಿದೆ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೀವು ಕಂಡಿರಬಹುದು. ನಮ್ಮ ಭಾವ ಆ ಕಲ್ಲಿಗೂ ಗೀಟು ಹಾಕುವವರು.

ಅಕ್ಕನದು ಬೇರೆ ಜಾತಿಯ ಕಾಯಿಲೆ. ಅವಳು ಒಂದು ಕಚೇರಿಯ ದಾಖಲೆ ಕೋಣೆ ನೋಡಿಕೊಳ್ಳುತ್ತಾಳೆ. ಅಲ್ಲಿಂದ ಕಡತ ತೆಗೆದವರು ಅದರ ಜಾಗದಲ್ಲಿ ಚೀಟಿ ಇಟ್ಟು ಹೋಗಬೇಕು: ಏನು ತೆಗೆದಿರಿ, ಯಾರು ತೆಗೆದಿರಿ, ಯಾವ ಕೆಲಸಕ್ಕೆ, ಯಾವಾಗ ವಾಪಸು. ಈ ಅಭ್ಯಾಸ ಮನೆಗೂ ಬಂದಿದೆ. ಒಮ್ಮೆ ನಮ್ಮ ಮನೆಗೆ ಬಂದವಳು ನನ್ನ ಛತ್ರಿ ಒಯ್ದು, ಮೊಳೆಗೆ ಚೀಟಿ ಸಿಕ್ಕಿಸಿ ಹೋಗಿದ್ದಳು. ಮಳೆಯಲ್ಲಿ ನಾನು ಚೀಟಿ ಹಿಡಿದುಕೊಂಡು ಹೋಗಬೇಕಾಯಿತು.

ಅಕ್ಕನ ಕಚೇರಿಯವರು ವರ್ಷಕ್ಕೊಮ್ಮೆ ಕೆರೆಯ ಆಚೆಯ ಗುಡ್ಡಕ್ಕೆ ಹೋಗಿ ಒಂದು ರಾತ್ರಿ ಟೆಂಟಿನಲ್ಲಿ ಮಲಗಿ ಬರುತ್ತಾರೆ. ಕೆಲಸದಲ್ಲಿರುವವರಿಗೆ ಮಾತ್ರ. ಅಕ್ಕನಿಗೆ ಹೋಗಬೇಕೆಂಬ ಆಸೆ ಮೊದಲಿನಿಂದಲೂ ಇತ್ತು. ಮಕ್ಕಳು ಸಣ್ಣವರು, ಅತ್ತೆಗೆ ಹುಷಾರಿಲ್ಲ ಎಂದು ವರ್ಷಗಳು ಕಳೆದವು. ಮಕ್ಕಳು ಬೆಳೆದರು, ಅತ್ತೆ ತೀರಿಕೊಂಡರು. ಆಗ ಅಡ್ಡ ಬಂದದ್ದು ಹೆಡ್‌ಲ್ಯಾಂಪು. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ‘ತಲೆಗೆ ಕಟ್ಟುವ ಸಣ್ಣ ದೀಪ, ಒಬ್ಬೊಬ್ಬರಿಗೆ ಒಂದು’ ಎಂದಿತ್ತು. ಚಪ್ಪಲಿಗಿಂತ ಅಗ್ಗದ ವಸ್ತು. ಬಿಟ್ಟಿದ್ದರೆ ಅಕ್ಕ ಬೀದಿಬದಿಯಲ್ಲಿ ಒಂದು ಕೊಂಡು ತರುತ್ತಿದ್ದಳು, ಕತೆ ಮುಗಿಯುತ್ತಿತ್ತು.

“ಇರು, ನಾನು ನೋಡಿ ಕೊಡಿಸ್ತೀನಿ,” ಎಂದರು ಭಾವ.

ಅವರು ನೋಡಲು ಹಿಡಿದದ್ದು ಎರಡು ವರ್ಷ. ತಂದ ದೀಪವನ್ನು ಮೊದಲು ಅಡುಗೆಮನೆಯ ತಕ್ಕಡಿಗೆ ಹಾಕಿ ತೂಗುವುದು. ಮಂಚದ ಮೇಲಿಂದ ಮೂರು ಸಲ ಬೀಳಿಸುವುದು. ಬಕೆಟ್ಟಿನಲ್ಲಿ ಮುಳುಗಿಸುವುದು, ಫ್ರಿಜ್ಜಿನಲ್ಲಿ ಮಲಗಿಸುವುದು. ಕತ್ತಲು ಕೋಣೆಯಲ್ಲಿ ಗೋಡೆಗೆ ಬೆಳಕು ಬಿಟ್ಟು, ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆಯುವುದು. ಆ ಸೊನ್ನೆಗಳು ಇವತ್ತಿಗೂ ಗೋಡೆಯ ಮೇಲಿವೆ; ಬಂದವರು ಮೊಮ್ಮಗು ಗೀಚಿದ್ದು ಎಂದುಕೊಳ್ಳುತ್ತಾರೆ. ಪಟ್ಟಿ ಬಿಗಿಯೋ ಸಡಿಲವೋ ಎಂದು ನೋಡಲು ನನ್ನ ತಲೆ.

“ನಿನ್ನ ತಲೆ ಸರಾಸರಿ ತಲೆ ಕಣಪ್ಪಾ,” ಎಂದು ಭಾವ ಮೆಚ್ಚುಗೆಯಿಂದಲೇ ಹೇಳಿದ್ದರು.

ಕೊನೆಯ ಪರೀಕ್ಷೆ ಉರಿಸುವುದು. ಡಬ್ಬಿಯ ಮೇಲೆ ನಲವತ್ತು ಗಂಟೆ ಎಂದಿದ್ದರೆ, ಬ್ಯಾಟರಿ ಸಾಯುವವರೆಗೆ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಕೂರುವರು. ಅಷ್ಟರಲ್ಲಿ ಅಂಗಡಿಯವನು ವಾಪಸು ತೆಗೆದುಕೊಳ್ಳುವ ದಿನ ದಾಟಿರುತ್ತಿತ್ತು. ಒಂದಕ್ಕೆ ಎರಡು ಗ್ರಾಂ ಜಾಸ್ತಿ. ಒಂದರ ಬ್ಯಾಟರಿ ಮುಚ್ಚಳಕ್ಕೆ ಉಗುರು ಸಾಲದು, ನಾಣ್ಯ ಬೇಕು. ಒಂದರದು ಕತ್ತು ಬಗ್ಗುತ್ತದೆ, ಆದರೆ ಬಗ್ಗುವಾಗ ಟಿಕ್ ಅನ್ನುವುದಿಲ್ಲ. ಒಂದು ಹಳದಿ ದೀಪ ಎಲ್ಲ ಪರೀಕ್ಷೆ ಗೆದ್ದಿತ್ತು. ಅದರ ಹಳದಿ ಡಬ್ಬಿಯ ಮೇಲಿನ ಚಿತ್ರಕ್ಕಿಂತ ತೆಳು ಎಂದು ಅದಕ್ಕೂ ಗೀಟು ಬಿತ್ತು. ಹೀಗೆ ಹತ್ತು ದೀಪ ಕ್ರೇಟಿಗೆ ಬಿದ್ದವು, ಎರಡು ಪ್ರವಾಸ ಅಕ್ಕನನ್ನು ಬಿಟ್ಟು ಹೋದವು.

ಅಕ್ಕ ಜಗಳವಾಡಲಿಲ್ಲ. ಎರಡನೇ ಸಲ ಮಾತ್ರ, ಕಟ್ಟಿಟ್ಟ ಚೀಲ ಬಿಚ್ಚುತ್ತಾ ನನಗೆ ಹೇಳಿದಳು: “ಬರೋ ವರ್ಷ ಪ್ರವಾಸ ಆದ ತಿಂಗಳಿಗೇ ನನ್ನ ರಿಟೈರ್‌ಮೆಂಟು ಕಣೋ. ಅದೂ ತಪ್ಪಿದ್ರೆ ಮುಗೀತು.” ಅವಳ ಮುಖ ನೋಡಲಾಗದೆ ನಾನು ಚೀಲ ನೋಡುತ್ತಾ ನಿಂತೆ.

ಆ ವರ್ಷವೂ ಬಂತು. ಶನಿವಾರ ಬೆಳಿಗ್ಗೆ ಏಳಕ್ಕೆ ಬಸ್ಸು. ಗುರುವಾರ ಸಂಜೆ ಭಾವ ನನ್ನನ್ನು ಫೋನ್ ಮಾಡಿ ಕರೆಸಿದರು. ಹನ್ನೊಂದನೆಯ ದೀಪ ಪಾಸಾಗಿತ್ತು! ಪುಟ್ಟದು, ಮುಷ್ಟಿಯಲ್ಲಿ ಅಡಗುತ್ತಿತ್ತು. ಭಾವನ ಕಣ್ಣಲ್ಲಿ ನೀರು. ಹೆಣ್ಣುಮಕ್ಕಳ ಮದುವೆಯಲ್ಲೂ ನಾನು ಕಾಣದ ನೀರು ಅದು. ಅಕ್ಕ ಕೈ ಚಾಚಿದಳು. ಭಾವ ದೀಪವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ದಾರ ಕಟ್ಟಿ, ಅರಗು ಒತ್ತಿ, ಸಹಿ ಮಾಡಿದ ಚೀಟಿ ತೂಗುಬಿಟ್ಟು, ಬೀರುವಿನೊಳಗೆ ಇಟ್ಟರು. ಹೊಸ ಬ್ಯಾಟರಿ ಮೂರನ್ನು ಬೇರೆ ಡಬ್ಬಿಯಲ್ಲಿ ಪಕ್ಕಕ್ಕಿಟ್ಟರು.

“ರೀ, ಏನ್ ಮಾಡ್ತಿದೀರಾ?”

“ಪಾಸಾದ ಮೊದಲನೇದು ಸ್ಯಾಂಪಲ್ಲು. ಅದನ್ನ ಯಾರಾದ್ರೂ ಬಳಸ್ತಾರಾ? ಇದನ್ನ ನೋಡ್ಕೊಂಡು ನಿನಗೆ ಇಂಥದ್ದೇ ತರಿಸ್ತೀನಿ. ಹತ್ತು ದಿನ.”

“ನಾಡಿದ್ದು ಬಸ್ಸು!”

“ಸೀಲ್ ಒಡೆದ್ರೆ ಆಮೇಲೆ ಬರೋದನ್ನ ಯಾವುದಕ್ಕೆ ಹೋಲಿಸಿ ನೋಡ್ಲಿ?”

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದನ್ನು ಆವತ್ತು ಕಣ್ಣಾರೆ ಕಂಡೆ. ನನಗೆ ಆ ಮನುಷ್ಯನ ಮೇಲೆ ನಿಜಕ್ಕೂ ಸಿಟ್ಟು ಬಂತು. ಅಕ್ಕ ಮಾತ್ರ “ಆಯ್ತು” ಎಂದು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಅವಳು ಮಂಚದ ಕೆಳಗೆ ಬಗ್ಗಿ, ಕೆಂಪು ಕ್ರೇಟಿನಿಂದ ಆ ಹಳದಿ ದೀಪ ತೆಗೆದು, ಕೆಂಪು ಗೀಟಿನ ಸಮೇತ ಹಣೆಗೆ ಕಟ್ಟಿಕೊಂಡು ಬಾಗಿಲು ದಾಟಿದಳಂತೆ. “ಅದು ರಿಜೆಕ್ಟು ಕಣೇ! ಬ್ಯಾಟರಿನೂ ಸತ್ತಿದೆ!” ಎಂದು ಭಾವ ಮೆಟ್ಟಿಲವರೆಗೂ ಕೂಗುತ್ತಾ ಹೋದರಂತೆ. ಅವಳು ತಿರುಗಿಯೂ ನೋಡಲಿಲ್ಲವಂತೆ.

ಅದೇ ಸಂಜೆ ಊರಿಗೆಲ್ಲ ಕರೆಂಟು ಹೋಯಿತು. ಭಾವ ಒಬ್ಬರೇ ಇದ್ದಾರೆಂದು ನೋಡಲು ಹೋದೆ. ಮುಂದಿನ ಕೋಣೆಯ ಕತ್ತಲಲ್ಲಿ ಅವರು ಸೀಲು ಹಾಕಿದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನೀರು ಕುಡಿಯಲು ಹೋಗಿ ಕುರ್ಚಿಗೆ ಎಡವಿ ಹೆಬ್ಬೆರಳು ಊದಿತ್ತು.

“ಒಡೀರಿ ಭಾವ. ಕತ್ತಲಿಗೆ ಅಂತಲೇ ತಂದಿದ್ದಲ್ವಾ?”

ಅವರು ಚೀಲದ ಮೇಲಿನ ಅರಗನ್ನು ಬೆರಳಿನಿಂದ ಸವರಿದರು. ಆಮೇಲೆ, “ಒಡೆಯೋದಾಗಿದ್ರೆ ಗುರುವಾರವೇ ಒಡೀಬೇಕಿತ್ತು ಕಣಪ್ಪಾ. ಅವಳು ಕೈ ಚಾಚಿದ್ದಳು,” ಎಂದರು. ಅವರು ತಮ್ಮ ಕೆಲಸಕ್ಕೆ ತಾವೇ ಗೀಟು ಹಾಕಿದ್ದನ್ನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಅರ್ಧ ಇಳಿಯಿತು.

ಹಲ್ಲಿನಿಂದ ದಾರ ಕಚ್ಚಿ ಸೀಲು ಕಿತ್ತರು. ನಾನು ಮೊಬೈಲಿನ ಬೆಳಕು ಹಿಡಿದು ಬೀರುವಿನಿಂದ ಬ್ಯಾಟರಿ ಡಬ್ಬಿ ತಂದುಕೊಟ್ಟೆ. ಮುಚ್ಚಳ ತೆಗೆದರೆ ಬ್ಯಾಟರಿ ಇರಲಿಲ್ಲ. ಅದರ ಜಾಗದಲ್ಲಿ ಅಕ್ಕನ ದುಂಡು ಅಕ್ಷರದ ಚೀಟಿ ಇತ್ತು.

ಏನು ತೆಗೆದದ್ದು: ಬ್ಯಾಟರಿ, ಮೂರು.
ಯಾರು: ನಿಮ್ಮ ಹೆಂಡತಿ.
ಯಾವ ಕೆಲಸಕ್ಕೆ: ಉರಿಸಲು.
ಯಾವಾಗ ವಾಪಸು: ಖಾಲಿಯಾದ ಮೇಲೆ.

ಭಾವ ಅದನ್ನು ಎರಡು ಸಲ ಓದಿದರು. ಸಹಿ ಇಲ್ಲ ಎಂದೋ, ತಾರೀಕು ಹಾಕಿಲ್ಲ ಎಂದೋ ತಪ್ಪು ತೆಗೆಯುತ್ತಾರೆ ಎಂದು ಕಾದೆ. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದರು.

“ಬೆಳಕು ಸರಿಯಾಗಿ ಹಿಡಿಯಪ್ಪಾ,” ಎಂದು ಹೇಳಿ, ಚೀಟಿಯ ಕೆಳಗೆ ‘ಪಾಸ್’ ಎಂದು ಬರೆದು ಸಹಿ ಹಾಕಿದರು.